ಬಂದ ಖರ್ಚು, ಹೋಗುವ ಖರ್ಚು

ನನ್ನ ಹೆಂಡತಿಯ ತಮ್ಮನಷ್ಟು ಹೆದರುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬ ಇದ್ದರೆ, ಅವನು ಇನ್ನೂ ಮಂಚದ ಕೆಳಗಿನಿಂದ ಹೊರಗೆ ಬಂದಿಲ್ಲ. ಅದಕ್ಕೇ ನಮಗೆ ಗೊತ್ತಾಗಿಲ್ಲ. ಇವನು ರಸ್ತೆ ದಾಟಲೆಂದು ಅಂಚಿಗೆ ಬಂದು ನಿಂತರೆ, ದಾಟಿ ಮುಗಿಸುವಷ್ಟರಲ್ಲಿ ಎರಡು ಸರ್ಕಾರ ಬಿದ್ದು ಮೂರನೆಯದು ಪ್ರಮಾಣವಚನಕ್ಕೆ ಸಿದ್ಧವಾಗಿರುತ್ತದೆ. ಮನೆಗೆ ಬೀಗ ಹಾಕಿ ಜಗ್ಗಿ ನೋಡುತ್ತಾನೆ. ಬೀದಿಯ ತಿರುವಿನವರೆಗೆ ಹೋಗಿ, ಅನುಮಾನ ಬಂದು, ವಾಪಸ್ಸು ಬಂದು ಮತ್ತೆ ಜಗ್ಗುತ್ತಾನೆ. ಅವನ ಮನೆಯ ಬೀಗವನ್ನು ಯಾವ ಕಳ್ಳನೂ ಮುರಿದಿಲ್ಲ. ಮುರಿದವೆಲ್ಲ ಇವನು ಜಗ್ಗಿ ಮುರಿದವು.

ಎಲ್ಲರೂ ಅವನನ್ನು ಮಾಸ್ಟರ್ ಅನ್ನುತ್ತಾರೆ. ಶಾಲೆಯ ಮಾಸ್ಟರಲ್ಲ, ಕತ್ತರಿಯ ಮಾಸ್ಟರ್. ದರ್ಜಿ ಅಂಗಡಿಯಲ್ಲಿ ಅಳತೆ ತೆಗೆದು, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ ಕೊಡುವವನು. ಹೊಲಿಯುವವರು ಬೇರೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ಆಡಿದ ಬಟ್ಟೆಯನ್ನು ಮೊದಲಿನ ಹಾಗೆ ಮಾಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಪ್ರತಿ ಅಂಗಡಿಯಲ್ಲೂ ಹೆದರುವುದಕ್ಕೆಂದೇ ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಂಡಿರುತ್ತಾರೆ. ನಮ್ಮವನು ಆ ಕೆಲಸಕ್ಕೆಂದೇ ಹುಟ್ಟಿದವನು. ಕತ್ತರಿ ಇಡುವ ಮೊದಲು ಅಳೆಯುತ್ತಾನೆ, ಮತ್ತೆ ಅಳೆಯುತ್ತಾನೆ, ಬಟ್ಟೆಯ ಕಡೆ ಒಮ್ಮೆ, ಮೇಲೆ ಛಾವಣಿಯ ಕಡೆ ಒಮ್ಮೆ ನೋಡುತ್ತಾನೆ. ಆಮೇಲೆ ಕತ್ತರಿಸಿದ್ದು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನನಗೊಂದು ಕೋಟು ಕತ್ತರಿಸಿ ಹೊಲಿಸಿಕೊಟ್ಟಿದ್ದ. ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ, ಯಾರೋ ದೊಡ್ಡವರು ಬಂದಿದ್ದಾರೆಂದುಕೊಂಡು ನಾನೇ ಕೈ ಮುಗಿದು ಪಕ್ಕಕ್ಕೆ ಸರಿದೆ.

ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಆ ಕಸುಬಿನವರು ಹಲವರು ಅದನ್ನು ನಂಬುತ್ತಾರಂತೆ. ಕೋಟನ್ನು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ ನೋಡುವ ದಿನವನ್ನು ಟ್ರಯಲ್ ಅನ್ನುತ್ತಾರೆ. ಟ್ರಯಲ್ ದಿನ ಅಂಗಡಿಯಲ್ಲಿ ಹಣದ ಮಾತು ಎತ್ತುವಂತಿಲ್ಲ. ಯಾಕೆಂದರೆ ಆ ದಿನ ಹಣ ಹೊರಗೆ ಬರುವುದು ಒಂದೇ ಸಂದರ್ಭದಲ್ಲಿ: ಗಿರಾಕಿಗೆ ಕೋಟು ಒಪ್ಪಿಗೆಯಾಗಲಿಲ್ಲ, ಇಲ್ಲಿಯವರೆಗಿನ ಕೂಲಿ ಚುಕ್ತಾ ಮಾಡಿ ಅರೆಬರೆ ಬಟ್ಟೆ ಎತ್ತಿಕೊಂಡು ಬೇರೆ ಅಂಗಡಿಗೆ ಹೋಗುತ್ತಾನೆ. ಒಪ್ಪಿಗೆಯಾದವನು ನಗುತ್ತಾ ಹೋಗುತ್ತಾನೆ, ಹಣ ಆಮೇಲೆ. ಹಾಗಾಗಿ ಟ್ರಯಲ್ ಕೋಣೆಯಿಂದ ಬಂದ ಗಿರಾಕಿ ಕೈಯನ್ನು ಪರ್ಸಿನ ಕಡೆ ಒಯ್ದರೆ ಸಾಕು, ಯಂತ್ರಗಳೆಲ್ಲ ತಾವಾಗಿ ನಿಲ್ಲುತ್ತಿದ್ದವು. ಮಾಸ್ಟರ ಕಿವಿ ಬೆಳ್ಳಗಾಗುತ್ತಿತ್ತು. ಒಮ್ಮೆ ಒಬ್ಬ ಬಡಪಾಯಿ ಬೆವರು ಒರೆಸಲು ಕರವಸ್ತ್ರ ತೆಗೆಯಹೋಗಿ ಮಾಸ್ಟರನ್ನು ಅರೆಜೀವ ಮಾಡಿದ್ದ.

ಆ ಅಂಗಡಿ ಮುಚ್ಚುವ ಕಾಲ ಬಂತು. ಯಜಮಾನರಿಗೆ ಕಣ್ಣು ಮಂಜಾಗಿತ್ತು, ಕಟ್ಟಡದವನು ಕೆಡವುತ್ತೇನೆಂದು ಹೇಳಿಯಾಗಿತ್ತು. ಮಾಸ್ಟರಿಗೆ ಐವತ್ತು ದಾಟಿತ್ತು. ಅವನ ಹೆಂಡತಿಯೂ ಅದೇ ಅಂಗಡಿಯಲ್ಲಿ ಕಾಜಾ ಹೊಲಿಯುವವಳು, ಅಂದರೆ ಗುಂಡಿ ತೂರುವ ರಂಧ್ರಗಳಿಗೆ ಕೈಹೊಲಿಗೆ ಹಾಕುವವಳು. ಒಂದು ಬಾಗಿಲು ಮುಚ್ಚಿದರೆ ಮನೆಯ ಎರಡೂ ದುಡಿಮೆ ಒಟ್ಟಿಗೆ ನಿಲ್ಲುತ್ತಿತ್ತು. ಸಿದ್ಧ ಉಡುಪಿನ ಕಾಲದಲ್ಲಿ ಕತ್ತರಿ ಹಿಡಿದ ಮುದುಕನನ್ನು ಯಾರು ಕರೆಯುತ್ತಾರೆ? ಅವನು ಆಗ ನಿದ್ದೆಯಲ್ಲೂ ಹೆದರುತ್ತಿದ್ದನಂತೆ. ಎಚ್ಚರವಿದ್ದಾಗ ಹೆದರಲು ಹೊತ್ತು ಸಾಲುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ಫೋನು ಬಂತು. ಅರ್ಧ ದಿನದ ಬಸ್ಸಿನ ದೂರದಲ್ಲಿ, ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಕತ್ತರಿ ಮಾಸ್ಟರ್ ಬೇಕಾಗಿತ್ತು. ಬನ್ನಿ, ಕೆಲಸ ನೋಡುತ್ತೇವೆ ಎಂದಿದ್ದರು. ಸುದ್ದಿ ಹೇಳಲು ಗಂಡ ಹೆಂಡತಿ ನಮ್ಮ ಮನೆಗೆ ಬಂದರು.

"ಬಸ್ಸಿನ ಖರ್ಚು ಯಾರ್ದು ಅಂತ ಕೇಳಿದ್ಯಾ ಮರಿ?" ನನ್ನ ಹೆಂಡತಿಯ ಮೊದಲ ಪ್ರಶ್ನೆ ಅದೇ. ತಲೆ ನೆರೆತ ತಮ್ಮ ಅವಳಿಗೆ ಇನ್ನೂ ಮರಿ.

"ಇಲ್ಲಕ್ಕ."

"ಅವರಾದ್ರೂ ಹೇಳಿದ್ರಾ?"

"ಅವರೂ ಹೇಳ್ಲಿಲ್ಲ."

"ಬಾಯಲ್ಲೇನು ಇಟ್ಕೊಂಡಿದ್ದೆ?"

"ಗುಂಡುಸೂಜಿ," ಎಂದಳು ಅವನ ಹೆಂಡತಿ. "ನಿಜವಾಗ್ಲೂ ಅತ್ತಿಗೆ. ಫೋನ್ ಬಂದಾಗ ಇವರ ಬಾಯ್ತುಂಬ ಗುಂಡುಸೂಜಿ. ತೆಗೆಯೋಕೂ ಭಯ. ಅವರು ಏನಂದ್ರೂ ಹೂಂ, ಹೂಂ ಅಂದ್ರು."

"ಈಗ ಬಾಯಿ ಖಾಲಿ ಇದೆಯಲ್ಲ, ಫೋನ್ ಮಾಡಿ ಕೇಳು," ಎಂದೆ ನಾನು.

"ಅಯ್ಯೋ ಬೇಡ ಭಾವ. ಬಸ್ ಚಾರ್ಜಿಗೂ ಗತಿ ಇಲ್ಲದವನು ಅಂದ್ಕೊಂಡು ಬರಲೇ ಬೇಡ ಅಂದ್ಬಿಟ್ರೆ?"

"ಹಾಗಾದ್ರೆ ಅಲ್ಲಿಗೆ ಹೋದ ತಕ್ಷಣ ಕೇಳು."

"ಹೋದ ತಕ್ಷಣ ಕೇಳೋದಾ!" ನನ್ನ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. "ನಿಮ್ಮ ಬುದ್ಧಿ ಅವನಿಗೂ ಹಂಚಬೇಡಿ. ಮರಿ, ಎಲ್ಲ ಮುಗಿದ ಮೇಲೆ, ಹೊರಡೋವಾಗ, ಮೆತ್ತಗೆ ಕೇಳು."

"ಮೆತ್ತಗೆ ಕೇಳಿದ್ರೆ ಅವರಿಗೆ ಕೇಳಿಸದೇ ಹೋದ್ರೆ?"

ಅವನ ಮುಖ ನೋಡಿದರೆ ನಮ್ಮ ಎರಡು ಸಲಹೆಗಳೂ ಎರಡು ಕಿವಿಗಳಿಂದ ಒಳಗೆ ಹೋಗಿ ನಡುದಾರಿಯಲ್ಲಿ ಡಿಕ್ಕಿ ಹೊಡೆದಂತಿತ್ತು. ಹೋಗುವ ಖರ್ಚಿಗೆ ಅವನ ಹತ್ತಿರ ಇತ್ತು. ಬರುವುದಕ್ಕೆ ಇರಲಿಲ್ಲ, ಅಂಗಡಿಯ ಕಡೆಯ ಸಂಬಳ ಮುಚ್ಚುವ ದಿನವೇ ಸಿಗುವುದಿತ್ತು. ನಾನು ಕೊಡುತ್ತೇನೆ ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಭಾವ. ಕೆಲಸ ಸಿಗದಿದ್ರೆ ಎಲ್ಲಿಂದ ತೀರಿಸ್ಲಿ? ಆಮೇಲೆ ಈ ಮನೇಲಿ ಊಟಕ್ಕೆ ಕೂತಾಗಲೆಲ್ಲ ನೀವು ನನ್ನ ತಟ್ಟೆ ನೋಡ್ತಿದ್ದೀರ ಅನ್ಸುತ್ತೆ."

ಹೊರಡುವ ದಿನ ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗಿ ಒಂದಿಷ್ಟು ಹಣವನ್ನು ಬಲವಂತವಾಗಿ ಅವನ ಕೈಗೆ ತುರುಕಿದೆ. ಅವನು ನನ್ನನ್ನು ತಬ್ಬಿಕೊಂಡ. ಬಸ್ಸು ಧೂಳು ಎಬ್ಬಿಸಿ ಹೋದ ಮೇಲೆ ಕನ್ನಡಕಕ್ಕೆಂದು ಅಂಗಿಯ ಜೇಬಿಗೆ ಕೈ ಹಾಕಿದರೆ ಹಣ ಅಲ್ಲೇ ಇತ್ತು. ಅಂಗಿ ಅವನೇ ಕತ್ತರಿಸಿದ್ದು. ಆ ಜೇಬಿನ ಬಾಯಿ ಎಲ್ಲಿದೆಯೆಂದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಮುಂದಿನದನ್ನು ಅವನೇ ಎಷ್ಟೋ ಸಲ ನನಗೆ ಹೇಳಿದ್ದಾನೆ. ಪ್ರತಿ ಸಲ ಹೇಳುವಾಗಲೂ ಹೊಸದಾಗಿ ಬೆವರುತ್ತಾನೆ.

ಬಸ್ಸಿನಲ್ಲಿ ತೊಡೆಯ ಮೇಲೆ ಕತ್ತರಿ ಇತ್ತು, ಬಟ್ಟೆಯಲ್ಲಿ ಸುತ್ತಿದ್ದು. ದರ್ಜಿಯ ದೊಡ್ಡ ಕತ್ತರಿ, ಮೊಳಕೈಯಷ್ಟು ಉದ್ದ. ಕಂಡಕ್ಟರ್ ಅದೇನು ಎಂದು ಕೇಳಿದರೆ ಏನು ಹೇಳುವುದು? ಕತ್ತರಿ ಎಂದರೆ ಇಳಿಸಿಬಿಟ್ಟರೆ? ಬೇರೇನಾದರೂ ಹೇಳಿದರೆ ಬಿಚ್ಚಿ ತೋರಿಸು ಎಂದರೆ? ಕಂಡಕ್ಟರ್ ಬಂದು ಟಿಕೇಟು ಕೊಟ್ಟು, ಕೇಳದೆ, ಹೋದ. ಯಾಕೆ ಕೇಳಲಿಲ್ಲ ಎಂದು ಇವನಿಗೆ ಇನ್ನೂ ಹೆಚ್ಚು ಭಯವಾಯಿತು. ಮುಂದಿನ ನಿಲ್ದಾಣದಲ್ಲಿ ಪೊಲೀಸರು ಕಾಯುತ್ತಿದ್ದಾರೆಂದು ದಾರಿಯುದ್ದಕ್ಕೂ ಕಿಟಕಿಯಲ್ಲಿ ಇಣುಕಿದ.

ಕಾರ್ಖಾನೆಯ ಕತ್ತರಿ ವಿಭಾಗ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಸೀನಿದರೆ ಆ ತುದಿಯವರಿಗೆ ಮರುದಿನ ನೆಗಡಿ ಬರುತ್ತದೆ. ಉದ್ದುದ್ದ ಮೇಜುಗಳು, ಮೇಲೆ ಬಿಳಿ ದೀಪಗಳು, ಬಟ್ಟೆಯ ಹೊಸ ಗಂಜಿಯ ವಾಸನೆ. ಇವನ ಜೊತೆ ಪರೀಕ್ಷೆಗೆ ಬಂದ ಇನ್ನಿಬ್ಬರು ಇದ್ದರು, ಇಬ್ಬರೂ ಇವನ ಅರ್ಧ ವಯಸ್ಸಿನವರು. ಮೇಲ್ವಿಚಾರಕ ಮೂವರಿಗೂ ಒಂದೊಂದು ತುಂಡು ಬಟ್ಟೆ, ಗೆರೆ ಎಳೆಯಲು ಕಾಗದದ ಮಾದರಿ ಕೊಟ್ಟು, ಒಂದು ಜಾಕೀಟು ಕತ್ತರಿಸಿ ಎಂದ. ಇವನು ಬಟ್ಟೆ ಅಳೆದ, ಮತ್ತೆ ಅಳೆದ. ಬಟ್ಟೆಯ ಕಡೆ ಒಮ್ಮೆ, ಛಾವಣಿಯ ಕಡೆ ಒಮ್ಮೆ ನೋಡಿದ. ಪಕ್ಕದ ಹುಡುಗರ ಕತ್ತರಿ ಕರಕರ ಓಡುತ್ತಿತ್ತು. ಕೊನೆಗೆ ಸೀಮೆಸುಣ್ಣ ಬಟ್ಟೆಗೆ ತಾಗಿದ ಮೇಲೆ ಕೈ ತಾನಾಗಿ ಓಡಿತು. ಬೆನ್ನು, ಎದೆ, ಕಾಲರು, ತೋಳು. ಎಲ್ಲರಿಗಿಂತ ಕಡೆಯಲ್ಲಿ ಮುಗಿಸಿದ. ಮೇಲ್ವಿಚಾರಕ ತುಂಡುಗಳನ್ನು ಸುರುಳಿ ಸುತ್ತಿಕೊಂಡು ಒಳಗೆ ಹೋದ.

ಹೊರಗಿನ ಬೆಂಚಿನ ಮೇಲೆ ಕೂತಾಗ ಅವನಿಗೆ ಹೊಳೆಯಿತು.

ಅಂಗಡಿಯಲ್ಲಿ ಅವನು ಯಾವಾಗಲೂ ಬಟ್ಟೆಯನ್ನು ಮಡಚಿ, ಎರಡು ಪದರದಲ್ಲಿ ಕತ್ತರಿಸುವವನು. ಒಮ್ಮೆ ಕತ್ತರಿ ಆಡಿಸಿದರೆ ಎಡತೋಳು ಬಲತೋಳು ಜೋಡಿಯಾಗಿ ತಾವೇ ಬರುತ್ತವೆ. ಇಲ್ಲಿ ತುಂಡು ಚಿಕ್ಕದು, ಒಂಟಿ ಪದರದಲ್ಲಿ ಕತ್ತರಿಸಬೇಕಾಯಿತು. ಒಂಟಿ ಪದರವಾದರೆ ಒಂದು ತೋಳಿನ ಗೆರೆ ಎಳೆದ ಮೇಲೆ ಮಾದರಿಯನ್ನು ಮಗುಚಿ ಇನ್ನೊಂದರ ಗೆರೆ ಎಳೆಯಬೇಕು. ಮಗುಚಿದೆನೇ? ನೆನಪಿರಲಿಲ್ಲ. ಮಗುಚದಿದ್ದರೆ ಎರಡೂ ಎಡತೋಳು. ಆ ಜಾಕೀಟು ತೊಡಬೇಕಾದವನಿಗೆ ಬಲಗೈಯೇ ಇರಬಾರದು. ಮೂವತ್ತು ವರ್ಷದ ಅನುಭವ ಇಟ್ಟುಕೊಂಡು ಎರಡು ಎಡತೋಳು! ಒಳಗೆ ಹೋಗಿ ಒಮ್ಮೆ ನೋಡಿ ಬರಲೇ ಎಂದು ಎದ್ದ. ನೋಡಹೋದರೆ, ಇವನಿಗೆ ತನ್ನ ಕೆಲಸದ ಮೇಲೇ ನಂಬಿಕೆಯಿಲ್ಲ ಅಂದುಕೊಂಡರೆ? ಕೂತ. ಮತ್ತೆ ಎದ್ದ. ಆ ಬೆಂಚು ಇವನ ಕೆಳಗೆ ಅಂದು ಸವೆದಷ್ಟು ಮತ್ತೆ ಎಂದೂ ಸವೆದಿರಲಾರದು.

ಆಗ ಒಳಗಿನಿಂದ ಲೆಕ್ಕದ ವಿಭಾಗದ ಹೆಂಗಸು ಬಂದಳು. ಕಾರ್ಖಾನೆಯವರೆಲ್ಲ ಅವಳನ್ನು ಲೆಕ್ಕದಮ್ಮ ಅನ್ನುತ್ತಾರೆಂದು ಇವನಿಗೆ ಆಮೇಲೆ ಗೊತ್ತಾಯಿತು. ಕೈಯಲ್ಲಿ ಮೂರು ಲಕೋಟೆ. ಹುಡುಗರಿಬ್ಬರೂ ತಮ್ಮದನ್ನು ತೆಗೆದುಕೊಂಡು, ಸಹಿ ಹಾಕಿ, ಎಲ್ಲಿ ಟೀ ಕುಡಿಯುವುದೆಂದು ಮಾತಾಡಿಕೊಳ್ಳುತ್ತ ಹೋದರು. ಮೂರನೆಯದನ್ನು ಅವಳು ಇವನ ಮುಂದೆ ಹಿಡಿದಳು.

"ತಗೊಳ್ಳಿ ಮಾಸ್ಟ್ರೇ. ಬಂದು ಹೋಗೋ ಖರ್ಚು."

ಫೋನು ಬಂದಾಗಿನಿಂದ ಯಾವುದನ್ನು ಕೇಳುವುದು ಹೇಗೆಂದು ಹೆದರಿದ್ದನೋ ಅದು ಕೇಳದೆಯೇ ಕೈ ಮುಂದೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಇವನ ಕಿವಿ ಬೆಳ್ಳಗಾಯಿತು. ಬಟ್ಟೆ ಕತ್ತರಿಸಿದ್ದಾಗಿದೆ, ಒಳಗೆ ನೋಡುತ್ತಿದ್ದಾರೆ, ಅಷ್ಟರಲ್ಲೇ ಹಣ ಹೊರಗೆ ಬಂತು. ಟ್ರಯಲ್ ದಿನ ಲೆಕ್ಕ ಚುಕ್ತಾ. ಒಪ್ಪಿಗೆಯಾಗಿಲ್ಲ. ಎರಡು ಎಡತೋಳು!

"ಬೇಡಮ್ಮ," ಎಂದ.

"ಬೇಡ ಅಂದ್ರೆ?"

"ಈಗ ಬೇಡ."

"ಈಗ ಬೇಡ ಅಂದ್ರೆ ಇನ್ಯಾವಾಗ? ನಾನು ಕ್ಯಾಶ್ ಮುಚ್ಚಬೇಕು."

"ಮುಚ್ಚಬೇಡಿ ತಾಯಿ. ದಯವಿಟ್ಟು ಮುಚ್ಚಬೇಡಿ."

"ರೀ, ಎಲ್ರಿಗೂ ಕೊಡ್ತೀವಿ ಕಣ್ರೀ. ಇದೇನು ದಾನ ಅಲ್ಲ."

ಎಲ್ಲರಿಗೂ ಕೊಡುತ್ತಾರೆ! ಹಾಗಾದರೆ ಮೂವರೂ ಬೇಡವಾದರು. ಅವನು ಲಕೋಟೆಯನ್ನು ಅವಳ ಕಡೆಗೇ ದೂಡಿ, ಕತ್ತರಿ ಎದೆಗವಚಿಕೊಂಡು, ಗೇಟು ದಾಟಿ ಓಡಿದ. ಕಾವಲುಗಾರ ಏನೋ ಕದ್ದನೆಂದುಕೊಂಡು ನಾಲ್ಕು ಹೆಜ್ಜೆ ಬೆನ್ನು ಹತ್ತಿದ್ದನಂತೆ. ಅಂದು ಇವನು ಓಡಿದ ವೇಗಕ್ಕೆ ಪದಕ ಕೊಡುವ ಪದ್ಧತಿಯಿದ್ದಿದ್ದರೆ ನಮ್ಮ ಮನೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಉಳಿಯುತ್ತಿರಲಿಲ್ಲ.

ಬಸ್ ನಿಲ್ದಾಣಕ್ಕೆ ಬಂದ ಮೇಲೆ ಜೇಬು ತಡಕಿದ. ಒಂದು ಟೀಗೆ ಆಗುವಷ್ಟಿತ್ತು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ನಮ್ಮ ಕಡೆಯ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿ ಕೂಗುತ್ತಿದ್ದ. ಇವನು ಕಂಬದ ಹಿಂದೆ ಸರಿದು ನಿಂತ. ಗುರುತಿಲ್ಲದ ಊರು, ಗುರುತಿಲ್ಲದ ಮುಖಗಳು, ಕೈಯಲ್ಲಿ ಮೊಳಕೈಯುದ್ದದ ಕತ್ತರಿ. ನಡೆದೇ ಹೋಗಿಬಿಡಲೇ ಅಂದುಕೊಂಡನಂತೆ. ಇವನು ಪ್ರತಿ ರಸ್ತೆ ದಾಟುವ ಲೆಕ್ಕದಲ್ಲಿ ನಡೆದು ಬಂದಿದ್ದರೆ, ಮನೆ ತಲುಪುವಷ್ಟರಲ್ಲಿ ನಾವು ಯಾರೂ ಇರುತ್ತಿರಲಿಲ್ಲ. ನಮ್ಮ ಮೊಮ್ಮಕ್ಕಳು ಬಾಗಿಲು ತೆಗೆದು, ಯಾರು ಬೇಕು ತಾತ ಎಂದು ಕೇಳುತ್ತಿದ್ದರು.

ಇಲ್ಲಿ ನಾನು ಸ್ವಲ್ಪ ನಗುವುದನ್ನು ನಿಲ್ಲಿಸುತ್ತೇನೆ. ಅಲ್ಲಿ ಕಂಬದ ಹಿಂದೆ ನಿಂತಾಗ ಅವನಿಗೆ ಬಸ್ಸಿನ ಭಯ ಇರಲಿಲ್ಲ, ಹೆಂಡತಿಯ ಬೆರಳುಗಳು ಕಣ್ಣ ಮುಂದೆ ಬಂದವಂತೆ. ಕಾಜಾ ಹೊಲಿದು ಹೊಲಿದು ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳು. ಅವಳು ಏನೂ ಕೇಳುವವಳಲ್ಲ. ಬಾಗಿಲು ತೆಗೆದು, ಇವನ ಮುಖ ನೋಡಿ, ಸುಮ್ಮನೆ ನೀರು ತರಲು ಒಳಗೆ ಹೋಗುತ್ತಾಳೆ. ಆ ನೀರಿನ ಲೋಟಕ್ಕೆ ಅವನು ಹೆದರಿದ. ಅದಕ್ಕಿಂತ ಗೇಟೇ ವಾಸಿ ಅನ್ನಿಸಿ, ಕಾರ್ಖಾನೆ ಬಿಡುವ ಹೊತ್ತಿಗೆ ಅತ್ತ ನಡೆದ.

"ಏನ್ ಯಜಮಾನ್ರೇ, ಓಡಿದ್ದು ಸಾಕಾಯ್ತಾ?" ಎಂದ ಕಾವಲುಗಾರ.

ಲೆಕ್ಕದಮ್ಮ ಊಟದ ಡಬ್ಬಿ ಹಿಡಿದು ಹೊರಗೆ ಬರುತ್ತಿದ್ದಳು. ಇವನನ್ನು ಕಂಡು ನಿಂತಳು. "ಓ, ಬಂದ್ರಾ! ನಿಮ್ಮಿಂದ ನನ್ನ ಕ್ಯಾಶ್ ತಾಳೆ ಆಗ್ತಿಲ್ಲ. ಮೂರು ಲಕೋಟೆಗೆ ಎರಡು ಸಹಿ. ಯಾಕ್ರೀ ಓಡಿದ್ರಿ?"

ಇವನು ಹೇಳಿದ. ಟ್ರಯಲ್ ದಿನದ ಪದ್ಧತಿ, ಚುಕ್ತಾ ಮಾಡಿದ ಗಿರಾಕಿ, ಮುಚ್ಚುವ ಅಂಗಡಿ, ಎಲ್ಲವನ್ನೂ ಗೇಟಿನ ಪಕ್ಕ ನಿಂತು ತೊದಲುತ್ತ ಹೇಳಿದ. ಅವಳು ನಗಲಿಲ್ಲ. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನೋಡಿ ಮಾಸ್ಟ್ರೇ, ಕೆಲಸ ನೋಡೋಕೆ ಬಂದೋರಿಗೆಲ್ಲ ಕಂಪನಿ ಕೊಡುತ್ತೆ. ಕೊಟ್ರೆ ನೀವು ಬೇಡ ಅಂತಲ್ಲ, ಬೇಕು ಅಂತಾನೂ ಅಲ್ಲ. ನಿಮ್ಮ ಬಟ್ಟೇನ ಒಳಗೆ ಇನ್ನೂ ಬಿಚ್ಚೇ ನೋಡಿಲ್ಲ."

"ನೋಡಿಲ್ವಾ?"

"ಇಲ್ಲ."

"ಹಾಗಾದ್ರೆ ತೋಳು..."

"ತೋಳು ಗೀಳು ನಂಗೊತ್ತಿಲ್ಲ, ನಾನು ಲೆಕ್ಕದೋಳು. ಈಗ ತಗೊಳ್ತೀರೋ, ಇಲ್ಲಾ ಇಲ್ಲೇ ಗೇಟಲ್ಲಿ ಬೇರು ಬಿಡ್ತೀರೋ?"

ಅವನು ತನ್ನ ತಲೆಗೆ ಮಾತ್ರ ಹೊಳೆಯಬಹುದಾದದ್ದನ್ನು ಹೇಳಿದ. "ಹೋಗೋ ಖರ್ಚು ಕೊಡಿ ತಾಯಿ. ಬಂದ ಖರ್ಚು ನಿಮ್ಮ ಹತ್ರಾನೇ ಇರಲಿ."

"ಅರ್ಧ ಯಾರ್ರೀ ತಗೋತಾರೆ?"

"ಪೂರ್ತಿ ತಗೊಂಡ್ರೆ ಚುಕ್ತಾ ಆಗುತ್ತೆ. ಅರ್ಧ ಬಾಕಿ ಇದ್ರೆ... ನೀವು ಕರೀಲೇಬೇಕಲ್ಲ."

"ನನ್ನ ಇಷ್ಟು ವರ್ಷದ ಸರ್ವಿಸಲ್ಲಿ," ಎಂದಳಂತೆ ಕಾವಲುಗಾರನ ಕಡೆ ತಿರುಗಿ, "ಹೆಚ್ಚಿಗೆ ಕೇಳಿ ಜಗಳ ಆಡಿದೋರನ್ನ ನೋಡಿದ್ದೀನಿ. ಹೀಗೆ ಜಗಳ ಆಡೋರನ್ನ ಇವತ್ತೇ ನೋಡಿದ್ದು." ಗೊಣಗುತ್ತಲೇ ಒಳಗೆ ಹೋಗಿ, ಮುಚ್ಚಿದ ಕ್ಯಾಶ್ ತೆಗೆದು, ಅರ್ಧ ತಂದುಕೊಟ್ಟಳು.

ಅವನು ಬಂದ ಮೇಲೆ ನಮ್ಮೆಲ್ಲರ ಕಾಯುವಿಕೆ ಶುರುವಾಯಿತು. ಎರಡು ಎಡತೋಳಿನ ವಿಷಯ ಹೆಂಡತಿಗೆ ಹೇಳಲಿಲ್ಲ, ನನಗೆ ಮಾತ್ರ ಹೇಳಿದ. ಮಾತಾಡುತ್ತಿರುವಾಗಲೇ ಅವನ ಕೈ ಗಾಳಿಯಲ್ಲಿ ಮಾದರಿಯನ್ನು ಮಗುಚುತ್ತಿತ್ತು. ಅಂಗಡಿಯ ಯಂತ್ರಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋದರು. ಟ್ರಯಲ್ ಕೋಣೆಯ ಕನ್ನಡಿ ಬಿಚ್ಚಿದಾಗ ಅದರ ಹಿಂದಿನ ಗೋಡೆ ಮಾತ್ರ ಹೊಸ ಬಣ್ಣದಂತೆ ಉಳಿದಿತ್ತು. ಅಂಗಡಿಯ ಫೋನು ಹೋಗುವ ಮುಂಚೆಯೇ ನಮ್ಮ ಮನೆಯ ನಂಬರನ್ನು ಕಾರ್ಖಾನೆಗೆ ಹೇಳಿದ್ದೆವು. ನಮ್ಮ ಫೋನು ರಿಂಗಾದಾಗಲೆಲ್ಲ ಅವನು ಕುರ್ಚಿಯಿಂದ ಎಷ್ಟು ಎತ್ತರ ಹಾರುತ್ತಿದ್ದನೆಂದರೆ, ನಾನು ಫ್ಯಾನ್ ಹಾಕುವುದನ್ನೇ ಬಿಟ್ಟೆ.

ಅಂಗಡಿ ಬಾಗಿಲು ಹಾಕಿದ ದಿನ ಮಧ್ಯಾಹ್ನ ಇಬ್ಬರೂ ನಮ್ಮಲ್ಲೇ ಇದ್ದರು. ಫೋನು ರಿಂಗಾಯಿತು. ಯಾರೂ ಏಳಲಿಲ್ಲ.

"ಎತ್ತು ಮರಿ," ಎಂದಳು ನನ್ನ ಹೆಂಡತಿ.

"ನೀನೇ ಎತ್ತಕ್ಕ."

"ಬಾಯಲ್ಲಿ ಗುಂಡುಸೂಜಿ ಇಲ್ಲ ತಾನೆ? ಎತ್ತು."

ಎತ್ತಿದ. ಆ ಕಡೆಯ ದನಿ ಲೆಕ್ಕದಮ್ಮನದು. ಕೋಣೆಯ ಈ ಮೂಲೆಗೂ ಕೇಳುತ್ತಿತ್ತು. "ಮಾಸ್ಟ್ರೇ, ನಿಮ್ಮ ಅರ್ಧ ಇನ್ನೂ ನನ್ನ ತಲೆ ಮೇಲೆ ಕೂತಿದೆ."

ಅವನ ಮುಖದ ರಕ್ತವೆಲ್ಲ ಇಳಿದು ಅಂಗಾಲಿಗೆ ಬಂತು. "ಕಳಿಸ್ಬೇಡಿ ತಾಯಿ! ಕೈ ಮುಗೀತೀನಿ, ಕಳಿಸ್ಬೇಡಿ!"

"ಕಳಿಸ್ತಿಲ್ಲ ಸುಮ್ನಿರಿ. ಸೋಮವಾರ ಬೆಳಿಗ್ಗೆ ಇಲ್ಲಿರಬೇಕಂತೆ. ಮತ್ತೆ ಇನ್ನೊಂದು ವಿಷಯ, ಆಮೇಲೆ ನನ್ನ ಹತ್ರ ಜಗಳ ಬೇಡ. ಈ ಸಲದ ಖರ್ಚು ನಿಮ್ದೇ. ನೋಡೋಕೆ ಬರೋರಿಗೆ ಮಾತ್ರ ಕಂಪನಿ ಕೊಡೋದು. ಸೇರೋಕೆ ಬರೋರಿಗೆ ಕೊಡಲ್ಲ."

"ಕೊಡಲ್ವಾ?"

"ಒಂದು ಕಾಸೂ ಕೊಡಲ್ಲ."

"ತೋಳು..."

"ಕೇಳ್ತೀರ ಅಂತ ಗೊತ್ತಿತ್ತು, ನೋಡ್ಕೊಂಡೇ ಬಂದೆ. ಒಂದು ಎಡ, ಒಂದು ಬಲ." ಫೋನು ಇಟ್ಟುಬಿಟ್ಟಳು.

ಅವನು ನಮ್ಮ ಕಡೆ ತಿರುಗಿದ. ಕಣ್ಣಲ್ಲಿ ನೀರು. "ಖರ್ಚು ಕೊಡಲ್ವಂತೆ!" ಎಂದು ಕೂಗಿದ. "ಒಂದು ಕಾಸೂ ಕೊಡಲ್ವಂತೆ ಭಾವ!"

ಅವನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನ್ನ ಹೆಂಡತಿ ಆ ಕಂಪನಿಯ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಬೈದು ಮುಗಿಸಿದಳು. ಇವನು ನಗುತ್ತಿದ್ದಾನೆಂದು ಅವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವನ ಹೆಂಡತಿ ಎದ್ದು, ಏನೂ ಕೇಳದೆ, ನೀರು ತರಲು ಒಳಗೆ ಹೋದಳು. ಒಳಗಿನಿಂದ ಲೋಟ ಬಿದ್ದ ಸದ್ದು ಕೇಳಿಸಿತು.

ನೀರು ಕುಡಿದಾದ ಮೇಲೆ ಅವನ ಮುಖದಲ್ಲಿ ಹಳೆಯ ಭಯ ವಾಪಸ್ಸು ಬಂದು ತನ್ನ ಜಾಗದಲ್ಲಿ ಕೂತಿತು. "ಭಾವ, ಅಲ್ಲಿ ದಿನಾ ಒಂಟಿ ಪದರದಲ್ಲೇ ಕತ್ತರಿಸಬೇಕಾ?"

"ನನ್ನ ಕೇಳ್ತೀಯಲ್ಲೋ."

"ಮಗುಚೋದು ಮರೆತುಹೋದ್ರೆ?" ಅನ್ನುತ್ತಲೇ ಎದ್ದು ಬಂದ. ನನ್ನ ಅಂಗಿಯ ಜೇಬಿನೊಳಗೆ ಎರಡು ಬೆರಳು ಇಳಿಸಿ, ಅಂದು ಬಸ್ಸಿನ ಹತ್ತಿರ ವಾಪಸ್ಸು ಹಾಕಿದ್ದ ಹಣವನ್ನು ಎಳೆದುಕೊಂಡ. ನಾನು ಅಂದಿನ ಅಂಗಿಯನ್ನೇ ತೊಟ್ಟಿದ್ದೆ, ಹಣವನ್ನು ಅಲ್ಲೇ ಬಿಟ್ಟಿದ್ದೆ. "ಈಗ ತಗೋತೀನಿ ಭಾವ," ಎಂದ.

ಅವನು ಆ ಕಾರ್ಖಾನೆ ಸೇರಿ ಬಹಳ ಕಾಲವಾಯಿತು. ವರ್ಷ ತುಂಬುವುದರೊಳಗೆ ಕಾಜಾ ವಿಭಾಗಕ್ಕೆ ಹೆಂಡತಿಯನ್ನೂ ಕರೆಸಿಕೊಂಡ. ಅವಳು ಕೆಲಸ ತೋರಿಸಲು ಹೋದಾಗ ಲೆಕ್ಕದಮ್ಮ ಲಕೋಟೆ ಕೊಟ್ಟಳು. ಅವಳು ಪೂರ್ತಿ ತೆಗೆದುಕೊಂಡು, ಎಣಿಸಿ, ಸಹಿ ಹಾಕಿದಳು. ಇವನು ಮೂರು ದಿನ ಊಟ ಬಿಟ್ಟಿದ್ದನಂತೆ. ಇವನ ಆ ಅರ್ಧ ಅಲ್ಲಿ ಹಾಗೇ ಇದೆ. ವರ್ಷಕ್ಕೊಮ್ಮೆ ಲೆಕ್ಕದಮ್ಮ ತಗೊಳ್ಳಿ ಎಂದು ಬೆನ್ನು ಹತ್ತುತ್ತಾಳೆ, ಇವನು ಕತ್ತರಿ ಎದೆಗವಚಿಕೊಂಡು ಓಡುತ್ತಾನೆ.

ನನ್ನ ಜೇಬಿನಿಂದ ಹೋದದ್ದೂ ಹಾಗೇ ಇದೆ. ಈಗ ಅವನಿಗೆ ಒಳ್ಳೆಯ ಸಂಬಳ. ಬಂದಾಗಲೆಲ್ಲ ನಮ್ಮಿಬ್ಬರಿಗೂ ಬಟ್ಟೆ ತರುತ್ತಾನೆ, ನನ್ನ ಜೇಬಿನ ಹೊಲಿಗೆ ಸಡಿಲವಾಗಿದೆಯೇ ನೋಡುತ್ತಾನೆ. ಆ ಹಣ ಮಾತ್ರ ಕೊಡುವುದಿಲ್ಲ. ಕಳೆದ ಸಲ ಬಂದಾಗ ನಾನು ತಮಾಷೆಗೆ, "ಏನಯ್ಯಾ, ನನ್ನ ಬಸ್ ಚಾರ್ಜು?" ಎಂದೆ. ಅವನು ನಗಲಿಲ್ಲ. ಕಿವಿ ಬೆಳ್ಳಗಾಯಿತು.

"ಕೇಳಬೇಡಿ ಭಾವ," ಎಂದ. "ನಿಮ್ಮ ಹತ್ರ ಚುಕ್ತಾ ಮಾಡೋಕೆ ನಂಗೆ ಭಯ ಆಗುತ್ತೆ."